ಸಿಳ್ಳೆ ಮೇಷ್ಟ್ರ ಹಲ್ಲಿನ ಸಂದು
ಏಳನೆಯ ಕಂತು: ಸಾವಿರದೊಂದು ಯಾರು?

"ಆ ಕಾಗದಕ್ಕೆ ಈಗಲೇ ಸಹಿ ಹಾಕ್ಬೇಡಿ."

ಧ್ವನಿ ಬಂದದ್ದು ಮೇಜಿನ ಕೆಳಗಿನಿಂದ. ಹಲ್ಲಿನ ಲ್ಯಾಬಿನ ಯಜಮಾನರು ಪೆನ್ನಿನ ಮುಚ್ಚಳವನ್ನು ಬಾಯಲ್ಲಿ ಕಚ್ಚಿಕೊಂಡು ಹಾಗೆಯೇ ನಿಂತರು. ಮೇಜಿನಡಿಯಿಂದ ಮೊದಲು ಒಂದು ಟಾರ್ಚ್ ಹೊರಬಂತು, ಆಮೇಲೆ ಮೂಗಿನ ತುದಿಗೆ ಜಾರಿದ ಕನ್ನಡಕ, ಕೊನೆಗೆ ಮಂಡಿ ಒತ್ತಿಕೊಳ್ಳುತ್ತಾ ಪೂರ್ತಿ ಟೀಚರ್.

"ಮೂರೂ ಕಾಲಾಯ್ತು ಟೀಚರ್. ನಾಲ್ಕಕ್ಕೆ ಮೇಷ್ಟ್ರ ಹಲ್ಲಿನ ಡಾಕ್ಟರು ಬರ್ತಾರೆ. ಬಂದ ತಕ್ಷಣ ಕೇಳೋದು ಒಂದೇ ಮಾತು, ಯಾರು ಮಾಡಿದ್ದು ಅಂತ. ನನ್ನ ಹತ್ರ ಒಂದು ಹೆಸರು ಇರ್ಬೇಕು."

"ನಿಮಗೆ ಹೆಸರು ಬೇಕೋ, ಮಾಡಿದವರು ಬೇಕೋ?"

"ಎರಡೂ ಒಂದೇ ಅಲ್ವಾ?"

"ಅದನ್ನೇ ನೋಡ್ತಾ ಇದ್ದೀನಿ" ಎಂದು ಟೀಚರ್ ಮೊಣಕಾಲಿಗೆ ಅಂಟಿದ ಬಿಳಿ ಪುಡಿಯನ್ನು ಕೊಡವಿಕೊಂಡರು. ಈ ಲ್ಯಾಬಿನಲ್ಲಿ ಎಲ್ಲಿ ಕೂತರೂ, ಎಲ್ಲಿ ನಿಂತರೂ ಪ್ಲಾಸ್ಟರಿನ ಪುಡಿ ಅಂಟುತ್ತಿತ್ತು.

ನಾಲ್ಕು ದಿನದಲ್ಲಿ ಮೂರು ಸಲ ಸಿಳ್ಳೆ ಮೇಷ್ಟ್ರಿಗಾಗಿ ಯಂತ್ರದಲ್ಲಿ ಮುಂದಿನ ಕೃತಕ ಹಲ್ಲು ಕೊರೆದದ್ದಾಗಿತ್ತು. ಮೂರು ಸಲವೂ, ನಡುವೆ ಇರಬೇಕಾದ ಸಂದು ಮುಚ್ಚಿಕೊಂಡೇ ಹುಟ್ಟಿತ್ತು. ವಿನ್ಯಾಸದ ಕಡತವನ್ನು ಯಾರೋ ತಿದ್ದುತ್ತಿದ್ದರು. ಮಹಡಿಯ ಮೇಲಿನ ಕಂಪ್ಯೂಟರು ಆ ಯಾರೋ ಯಾರೆಂದು ಸ್ಪಷ್ಟವಾಗಿ ಹೇಳಿತ್ತು: ಪಾಲಿಶ್ ಅಕ್ಕ.

ಸಂದು ಎಂದರೆ ಸಾಮಾನ್ಯ ಸಂದಲ್ಲ. ಎರಡು ಮಿಲಿಮೀಟರಿಗೆ ಕೂದಲೆಳೆಯಷ್ಟು ಕಡಿಮೆ. ಮೇಷ್ಟ್ರು ಮೂವತ್ತು ವರ್ಷದಿಂದ ಆ ಸಂದಿನಲ್ಲೇ ಸಿಳ್ಳೆ ಹಾಕಿ ರಾಗ ನುಡಿಸಿಕೊಂಡು ಬಂದವರು. ಕಳೆದ ತಿಂಗಳು ಸ್ನಾನದ ಮನೆಯಲ್ಲಿ ಜಾರಿ ಮುಂದಿನ ಹಲ್ಲುಗಳನ್ನು ಕಳೆದುಕೊಂಡಾಗ ಅವರು ಅತ್ತದ್ದು ಹಲ್ಲಿಗಲ್ಲ, ಹಲ್ಲಿನ ನಡುವಿನ ಖಾಲಿ ಜಾಗಕ್ಕೆ. ನಾಳೆ ಬೆಳಿಗ್ಗೆ ಹತ್ತಕ್ಕೆ ರೇಡಿಯೊದಲ್ಲಿ ಅವರ ಕಾರ್ಯಕ್ರಮ. ಸದ್ಯಕ್ಕೆ ಅವರು ಕೊರೆಯುವ ಕೋಣೆಯ ಮೂಲೆಯ ಕುರ್ಚಿಯಲ್ಲಿ, ಬಾಯಿಗೆ ಕರವಸ್ತ್ರ ಹಿಡಿದು, ಪರೀಕ್ಷೆಯ ಫಲಿತಾಂಶಕ್ಕೆ ಕಾಯುವ ಹುಡುಗನ ಹಾಗೆ ಕೂತಿದ್ದರು.

ಆದರೆ ಟೀಚರಿಗೆ ಹೆಚ್ಚು ಚಿಂತೆ ಇದ್ದದ್ದು ಇನ್ನೊಬ್ಬರದು. ಯಜಮಾನರ ಮುಂದಿದ್ದ ಕಾಗದದಲ್ಲಿ ಐದೇ ಸಾಲು. ರೋಗಿಯ ಕಡತವನ್ನು ಬೇಕೆಂದೇ ಕೆಡಿಸಿದ್ದಕ್ಕಾಗಿ ಕೆಲಸದಿಂದ ತೆಗೆಯಲಾಗಿದೆ, ಎಂದು. ಅಂಥ ಕಾಗದ ಹಿಡಿದುಕೊಂಡು ಹೋದವರನ್ನು ಈ ಊರಿನ ಯಾವ ಹಲ್ಲಿನ ಲ್ಯಾಬೂ ಬಾಗಿಲೊಳಗೆ ಬಿಟ್ಟುಕೊಳ್ಳುವುದಿಲ್ಲ. ಹದಿನೆಂಟು ವರ್ಷದ ಕೆಲಸ ಐದು ಸಾಲಿನಲ್ಲಿ ಮುಗಿಯುತ್ತಿತ್ತು.

ಪಾಲಿಶ್ ಅಕ್ಕ ಮಾತ್ರ ತನ್ನ ಚಕ್ರದ ಮುಂದೆ ಕೂತು ಬೇರೆ ಯಾರದೋ ದವಡೆ ಹಲ್ಲಿಗೆ ಹೊಳಪು ಕೊಡುತ್ತಿದ್ದರು.

"ಕೆಲಸದಿಂದ ತೆಗೆದ ಮೇಲೂ ಈ ಹಲ್ಲು ಮುಗಿಸ್ಬೇಕಾ ಯಜಮಾನ್ರೇ, ಇಲ್ಲಾ ಅರ್ಧಕ್ಕೇ ಬಿಡ್ಲಾ?" ಎಂದು ಚಕ್ರದ ಸದ್ದಿನ ಮೇಲೆ ಕೂಗಿದರು. "ಅರ್ಧಕ್ಕೆ ಬಿಟ್ರೆ ಆಯಪ್ಪ ಒಂದು ಕಡೆಯಿಂದ ಮಾತ್ರ ಅಗೀಬೇಕಾಗುತ್ತೆ."

"ನೋಡಿದ್ರಾ? ನಗು ಬೇರೆ!" ಎಂದರು ಯಜಮಾನರು.

ಟೀಚರಿಗೂ ನಗು ಬಂತು, ನುಂಗಿಕೊಂಡರು.

ಇಪ್ಪತ್ತೆರಡು ವರ್ಷ ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಕಲಿಸಿ, ಈಗ ಊರಿನ ಅಂಗಡಿ, ಕಚೇರಿಗಳ ಕಂಪ್ಯೂಟರುಗಳ ನಡುವಿನ ಜಗಳ ಬಿಡಿಸುವುದೇ ಅವರ ಕೆಲಸ. ಹಳೆಯ ಅಭ್ಯಾಸ ಬಿಟ್ಟಿರಲಿಲ್ಲ. ನೋಟ್‌ಪುಸ್ತಕದ ಪ್ರತಿ ಪುಟದ ನಡುವೆ ಒಂದು ಗೆರೆ. ಎಡಕ್ಕೆ 'ಗೊತ್ತಿರುವುದು', ಬಲಕ್ಕೆ 'ಅಂದುಕೊಂಡಿರುವುದು'. ಮೂರು ದಿನದಿಂದ ಎಡಗಡೆ ತುಂಬುತ್ತಾ ಬಂದಿತ್ತು. ಎರಡೂ ಕಂಪ್ಯೂಟರುಗಳನ್ನು ನಡೆಸುವ ವ್ಯವಸ್ಥೆ ಒಂದೇ, ಲಿನಕ್ಸ್. ಮೇಲಿನದರಲ್ಲಿ ಕಡತಗಳನ್ನಿಡುವ 'ಹಲ್ಲು' ಎಂಬ ಒಂದು ಕೋಶವಿದೆ. ಕೆಳಗಿನ, ಕೊರೆಯುವ ಯಂತ್ರದ ಕಂಪ್ಯೂಟರು ಅದೇ ಕೋಶವನ್ನು ತಂತಿಯ ಮೂಲಕ ತನ್ನದೆಂಬಂತೆ ಬಳಸುತ್ತದೆ. ತಂತಿ ಸರಿ ಇದೆ. ಒಂದು 'ಇದ್ದೀಯಾ?' ಎಂದು ಕೂಗಿದರೆ ಇನ್ನೊಂದು ಚಕ್ಕನೆ 'ಇದ್ದೀನಿ' ಎನ್ನುತ್ತದೆ. ಎರಡರ ಗಡಿಯಾರಗಳೂ ಸೆಕೆಂಡಿಗೆ ಸರಿಯಾಗಿವೆ.

ಬಲಗಡೆ ಒಂದೇ ಸಾಲು ಇತ್ತು. 'ತಿದ್ದಿದ್ದು ಪಾಲಿಶ್ ಅಕ್ಕ.'

"ಮೇಲೆ ಬನ್ನಿ ಯಜಮಾನ್ರೇ" ಎಂದರು ಟೀಚರ್. "ನೀವು ನೋಡಿದ್ದನ್ನ ನನಗೆ ಇನ್ನೊಂದು ಸಲ ತೋರಿಸಿ."

ಮಹಡಿಗೆ ಹದಿನೇಳು ಮೆಟ್ಟಿಲು. ಹನ್ನೆರಡನೆಯದಕ್ಕೆ ಯಜಮಾನರಿಗೆ ಉಸಿರು ಕಟ್ಟಿತು, ಬಾಯಿ ಕಟ್ಟಲಿಲ್ಲ.

"ಹೋದ ವಾರ ಇದೇ ಮೆಟ್ಟಿಲ ಮೇಲೆ ನಿಂತು ಹೇಳಿದ್ಳು ಅವಳು, 'ಆ ಸಂದೊಂದು ಮುಚ್ಚಿಬಿಟ್ರೆ ಮೇಷ್ಟ್ರು ಎಷ್ಟು ಲಕ್ಷಣವಾಗಿ ಕಾಣ್ತಾರೆ' ಅಂತ. ನನ್ನ ಕಿವಿಯಾರೆ ಕೇಳಿದ್ದೀನಿ."

"ನಮ್ಮ ಸ್ಕೂಲಿಗೆ ಸುಣ್ಣ ಹೊಡೆದ್ರೆ ಲಕ್ಷಣವಾಗಿರುತ್ತೆ ಅಂತ ನಾನೂ ಇಪ್ಪತ್ತೆರಡು ವರ್ಷ ಹೇಳ್ತಾ ಇದ್ದೆ. ಒಂದು ದಿನಾನೂ ಬ್ರಷ್ ಹಿಡೀಲಿಲ್ಲ."

ಮೇಲಿನ ಕೋಣೆಯಲ್ಲಿ ಸ್ಕ್ಯಾನರಿನ ಪಕ್ಕ ಯಜಮಾನರ ಅಕ್ಕನ ಮಗ ಕೂತಿದ್ದ. ಹಲ್ಲಿನ ವಿನ್ಯಾಸ ಬರೆಯುವವನು ಅವನೇ, ಎರಡೂ ಕಂಪ್ಯೂಟರುಗಳನ್ನು ಜೋಡಿಸಿದವನೂ ಅವನೇ. ಲ್ಯಾಬಿನಲ್ಲಿ ಎಲ್ಲರೂ ಅವನನ್ನು ಅಳಿಯ ಎಂದೇ ಕರೆಯುತ್ತಿದ್ದರು. ಪರದೆಯ ಮೇಲೆ ಮೇಷ್ಟ್ರ ಎರಡು ಹಲ್ಲುಗಳು ಆನೆಯ ಹಲ್ಲಿನಷ್ಟು ದೊಡ್ಡದಾಗಿ ತಿರುಗುತ್ತಿದ್ದವು, ಒಂದಕ್ಕೊಂದು ಅಂಟಿಕೊಂಡು.

"ಪಟ್ಟಿ ತೆಗಿ" ಎಂದರು ಟೀಚರ್.

ಅಳಿಯ ಪರದೆಯ ಮೂಲೆಯ ಕಪ್ಪು ಕಿಟಕಿಯಲ್ಲಿ ಆದೇಶದ ಒಂದು ಸಾಲು ಹೊಡೆದ. ಕಡತದ ಹೆಸರು, ಗಾತ್ರ, ಕೊನೆಗೆ ಬದಲಾದ ಹೊತ್ತು, ನಡುವೆ ಒಡೆಯರ ಹೆಸರು. 'ಪಾಲಿಶ್'.

"ಕಣ್ಣಿಗೆ ಕಾಣ್ತಾ ಇದೆಯಲ್ಲ! ಇದಕ್ಕಿಂತ ಸಾಕ್ಷಿ ಇನ್ನೇನು ಬೇಕು?"

"ಈ ವಿನ್ಯಾಸದ ಪ್ರೋಗ್ರಾಮು ಉಳಿಸುವಾಗ ಏನು ಮಾಡುತ್ತೆ?" ಎಂದು ಟೀಚರ್ ಅಳಿಯನನ್ನು ಕೇಳಿದರು.

"ಹಳೇ ಕಡತ ತೆಗೆದು, ಆ ಜಾಗದಲ್ಲಿ ಹೊಸದು ಇಡುತ್ತೆ ಟೀಚರ್. ಇಟ್ಟವರೇ ಒಡೆಯರು."

"ಒಡೆಯರ ಗುರುತು ಅಂತ ಡಿಸ್ಕಿನ ಮೇಲೆ ಬರೆಯೋದು ಏನನ್ನ?"

ಅಳಿಯ ಪರದೆಯ ಕಡೆ ತಿರುಗಿದ. ಅವನ ಮುಖದ ಮೇಲೆ ಏನೋ ಹೊಳೆದು ಮರೆಯಾದದ್ದನ್ನು ಟೀಚರ್ ಗಮನಿಸಿದರು. ತರಗತಿಯಲ್ಲಿ ಉತ್ತರ ಗೊತ್ತಿದ್ದೂ ಕೈ ಎತ್ತದವರ ಮುಖವನ್ನು ಅವರು ಸಾವಿರ ನೋಡಿದ್ದರು.

"ಅದೇ ಪಟ್ಟಿ ಇನ್ನೊಮ್ಮೆ. ಈ ಸಲ ಹೆಸರು ಬೇಡ, ಸಂಖ್ಯೆ ತೋರಿಸು."

ಅಳಿಯ ಒಂದೇ ಒಂದು ಅಕ್ಷರ ಬದಲಾಯಿಸಿ ಮತ್ತೆ ಹೊಡೆದ. 'ಪಾಲಿಶ್' ಇದ್ದ ಜಾಗದಲ್ಲಿ ಈಗ ನಾಲ್ಕು ಅಂಕೆ. 1001.

"ಇದ್ಯಾರು ಸಾವಿರದೊಂದು?" ಎಂದರು ಯಜಮಾನರು.

"ಅದನ್ನ ಕೆಳಗೆ ಹೋಗಿ ಕೇಳೋಣ" ಎಂದು ಟೀಚರ್ ಆಗಲೇ ಮೆಟ್ಟಿಲಿಳಿಯುತ್ತಿದ್ದರು. "ನೀನೂ ಬಾಪ್ಪ. ಕೋಣೆಗೆ ಬೀಗ ಹಾಕಿ ಕೀ ನನಗೆ ಕೊಡು."

ಕೆಳಗೆ ಕೊರೆಯುವ ಕೋಣೆಯಲ್ಲಿ ಅಚ್ಚಣ್ಣ ಪ್ಲಾಸ್ಟರ್ ಕಲಸುತ್ತಿದ್ದ. ಬಾಯಿಯ ಅಚ್ಚು ಎರೆಯುವುದು ಅವನ ಕೆಲಸ. ಮೊಣಕೈವರೆಗೂ ಬಿಳಿ, ಹುಬ್ಬೂ ಬಿಳಿ. ಟೀಚರ್ ಕೀಯನ್ನು ಸಿಳ್ಳೆ ಮೇಷ್ಟ್ರ ಕೈಗೆ ಕೊಟ್ಟರು. "ನೀವು ಇಟ್ಕೊಳ್ಳಿ. ಈ ಮನೇಲಿ ಸಂದು ಬೇಕು ಅನ್ನೋದು ಖಾತ್ರಿ ಇರೋದು ನಿಮಗೊಬ್ಬರಿಗೇ."

ಮೇಷ್ಟ್ರು ಏನೋ ಹೇಳಿದರು. ಮುಂದಿನ ಹಲ್ಲಿಲ್ಲದ ಬಾಯಿಂದ ಬರೀ ಗಾಳಿ ಬಂತು. ಅರ್ಥ ಧನ್ಯವಾದ ಇರಬೇಕು.

ಟೀಚರ್ ಕೆಳಗಿನ ಕಂಪ್ಯೂಟರಿನ ಮುಂದೆ ಕೂತರು. ಯಜಮಾನರು ಅವರ ಬೆನ್ನಿಗೆ ಅಂಟಿಕೊಂಡಂತೆ ನಿಂತರು. ಚಕ್ರ ನಿಂತಿತು. ಕಲಸುವುದೂ ನಿಂತಿತು.

"ಅದೇ ಕೋಶ, ಅದೇ ಕಡತ, ಅದೇ ಹೊತ್ತು. ಸರೀನಾ?"

"ಸರಿ, ಸರಿ."

"ಈಗ ಒಡೆಯರ ಹೆಸರು ಓದಿ, ಎಲ್ಲರಿಗೂ ಕೇಳೋ ಹಾಗೆ."

ಯಜಮಾನರು ಬಗ್ಗಿದರು. ಕನ್ನಡಕ ತೆಗೆದರು, ಒರೆಸಿದರು, ಮತ್ತೆ ಹಾಕಿಕೊಂಡು ಬಗ್ಗಿದರು.

"ಅಚ್ಚು" ಎಂದರು ಕೊನೆಗೆ, ತಮ್ಮ ಕಣ್ಣನ್ನೇ ಬೈಯುವವರ ಹಾಗೆ. "ಇದೇನು ಟೀಚರ್, ಮೇಲೆ ಅವಳ ಹೆಸರು, ಕೆಳಗೆ ಇವನ ಹೆಸರು? ಹದಿನೇಳು ಮೆಟ್ಟಿಲಿಳಿಯೋಷ್ಟರಲ್ಲಿ ಒಡೆಯರು ಬದಲಾದ್ರಾ?"

"ಒಡೆಯರು ಬದಲಾಗಿಲ್ಲ. ತಂತಿಯಲ್ಲಿ ಹೆಸರು ಓಡಾಡಲ್ಲ ಯಜಮಾನ್ರೇ, ಸಂಖ್ಯೆ ಮಾತ್ರ ಓಡಾಡುತ್ತೆ. ಪ್ರತಿ ಕಂಪ್ಯೂಟರೂ ಆ ಸಂಖ್ಯೆ ತಗೊಂಡು ತನ್ನ ಹತ್ರ ಇರೋ ಹಾಜರಿ ಪುಸ್ತಕದಲ್ಲಿ ಹುಡುಕಿ, ಅಲ್ಲಿರೋ ಹೆಸರನ್ನ ಹೇಳುತ್ತೆ. ನಿಮ್ಮಲ್ಲಿ ಎರಡು ಹಾಜರಿ ಪುಸ್ತಕ ಇವೆ. ಏನಪ್ಪಾ ಅಳಿಯ?"

ಅಳಿಯ ಕಿವಿ ಕೆರೆದುಕೊಂಡ.

"ಮೇಲಿನದನ್ನ ಹಾಕುವಾಗ ಮಾವ ಪಕ್ಕದಲ್ಲೇ ನಿಂತಿದ್ರು. 'ವಯಸ್ಸಿನ ಪ್ರಕಾರ ಹಾಕೋ, ದೊಡ್ಡವರ ಹೆಸರು ಮೊದಲು ಬರ್ಬೇಕು' ಅಂದ್ರು. ಸಂಖ್ಯೆ ಸಾವಿರದಿಂದ ಶುರುವಾಗುತ್ತೆ. ಮಾವ ಒಂದನೇದು, ಅಕ್ಕ ಎರಡನೇದು, ಅಚ್ಚಣ್ಣ ಮೂರು, ನಾನು ನಾಲ್ಕು."

"ಹಾಗೆ ಹಾಕೋದೇ ಸರಿ!" ಎಂದರು ಯಜಮಾನರು.

"ಕೆಳಗಿನದನ್ನ ಹಾಕೋ ದಿನ ಮಾವ ಊರಲ್ಲಿರ್ಲಿಲ್ಲ. ಮಾವನ್ನ ಮೊದಲು ಹಾಕ್ಬಿಟ್ಟು, ಉಳಿದವರನ್ನ ಬೆಳಿಗ್ಗೆ ಯಾರು ಯಾರು ಮುಂಚೆ ಬರ್ತಾರೋ ಆ ಪ್ರಕಾರ ಹಾಕ್ದೆ. ಅಚ್ಚಣ್ಣ ಏಳೂವರೆಗೆ ಬರ್ತಾನೆ. ಅಕ್ಕ ಎಂಟಕ್ಕೆ."

"ನೀನು?"

"ಹತ್ತಕ್ಕೆ. ಕೊನೆಗೇ ಹಾಕ್ಕೊಂಡಿದ್ದೀನಿ ಮಾವ, ಮೋಸ ಇಲ್ಲ."

ಪಾಲಿಶ್ ಅಕ್ಕ ಗೊಳ್ಳೆಂದು ನಕ್ಕರು. "ನೋಡು ಅಚ್ಚಣ್ಣಾ, ನಿನಗಿಂತ ಮುಂಚೆ ಹುಟ್ಟಿದ್ದಕ್ಕೆ ನನ್ನ ಕೆಲಸ ಹೋಗ್ತಾ ಇತ್ತು!"

ಟೀಚರ್ ನೋಟ್‌ಪುಸ್ತಕ ತೆರೆದು ಬಲಗಡೆಯ ಸಾಲನ್ನು ಹೊಡೆದುಹಾಕಿದರು. ಆ ಪೆನ್ನಿನ ಗೀರು ಕೋಣೆಗೆಲ್ಲ ಕೇಳಿತು. ಆದರೆ ಯಜಮಾನರು ಸೋಲುವ ಜಾತಿಯವರಲ್ಲ.

"ಹಾಗಾದ್ರೆ ಇವನೇ!" ಎಂದು ಅಚ್ಚಣ್ಣನ ಕಡೆ ತಿರುಗಿದರು. "ಕಾಗದದಲ್ಲಿ ಹೆಸರು ಬದಲಾಯಿಸಿದ್ರಾಯ್ತು."

"ನಾನಾ?" ಎಂದು ಅಚ್ಚಣ್ಣ ಕಲಸಿದ ಕೈಗಳನ್ನು ಮೇಲೆತ್ತಿದ. ಪ್ಲಾಸ್ಟರ್ ಆಗಲೇ ಬಿಗಿಯತೊಡಗಿತ್ತು. "ಯಜಮಾನ್ರೇ, ಬೆರಳು ನೋಡಿ. ಈ ಕೈಯಲ್ಲಿ ನಾನು ಯಾರಿಗಾದ್ರೂ ಫೋನ್ ಮಾಡಿದ್ರೆ ಫೋನೇ ಅಚ್ಚಾಗುತ್ತೆ. ನಾನು ಸಂದು ಮುಚ್ಚಕ್ಕೆ ಹೋದ್ರೆ ಈ ಕೀಲಿಗಳ ಸಂದೆಲ್ಲಾ ಮುಚ್ಚಿಹೋಗುತ್ತೆ."

ಟೀಚರ್ ಕೀಲಿಮಣೆಯನ್ನು ಎತ್ತಿ ಬೆಳಕಿಗೆ ಹಿಡಿದರು. ಒಂದೊಂದು ಕೀಲಿಯ ಬುಡವನ್ನೂ ಟಾರ್ಚ್ ಹಾಕಿ ನೋಡಿದರು. ಅಂಚಿನಲ್ಲಿ ಗಾಳಿಗೆ ಕೂತ ಪುಡಿ ಇತ್ತು. ಬೆರಳು ಒತ್ತಿದ ಕಡೆ ಒಂದು ಚುಕ್ಕೆಯೂ ಇರಲಿಲ್ಲ. ಎಡಗಡೆ ಬರೆದುಕೊಂಡರು.

"ಇವನಲ್ಲ" ಎಂದರು.

"ಅವಳೂ ಅಲ್ಲ, ಇವನೂ ಅಲ್ಲ! ಹಾಗಾದ್ರೆ ಹಲ್ಲು ತಾನೇ ಬೆಳ್ಕೊಳ್ತಾ?" ಯಜಮಾನರ ಧ್ವನಿ ಏರಿತು. "ನೋಡಿ ಟೀಚರ್, ನೀವು ದೊಡ್ಡವರು, ಓದಿದವರು. ಆದ್ರೆ ನನಗೆ ಕಾಣೋದಿಷ್ಟೇ. ಕೆಳಗಿನ ಕಂಪ್ಯೂಟರಲ್ಲಿ ಅಚ್ಚಣ್ಣನ ಹೆಸರಲ್ಲಿ ಯಾರು ಬೇಕಾದ್ರೂ ಕೂತ್ಕೋಬಹುದು. ಇವಳ ಚಕ್ರಕ್ಕೂ ಆ ಕಂಪ್ಯೂಟರಿಗೂ ನಾಲ್ಕು ಹೆಜ್ಜೆ. ಕೈಯೂ ಶುಭ್ರ. ಸಂದು ಮುಚ್ಚಿದ್ರೆ ಚೆಂದ ಅಂತ ಹೇಳಿದವಳೂ ಇವಳೇ. ಸುತ್ತಿ ಬಳಸಿ ಅಲ್ಲಿಗೇ ಬಂತಲ್ಲ!"

ಪಾಲಿಶ್ ಅಕ್ಕನ ನಗು ಅರ್ಧಕ್ಕೆ ನಿಂತಿತು. ಗಾಜಿನ ಹಾಗೆ ಹೊಳೆಯುತ್ತಿದ್ದ ದವಡೆ ಹಲ್ಲನ್ನು ಬಟ್ಟೆಯ ಮೇಲಿಟ್ಟು, ಇನ್ನೂ ಒರೆಸಬೇಕೇನೋ ಎಂಬಂತೆ ಒರೆಸತೊಡಗಿದರು.

ಟೀಚರ್ ಗೋಡೆಯ ಗಡಿಯಾರ ನೋಡಿದರು. ಮೂರೂ ಮೂವತ್ತಾರು.

ಯಜಮಾನರು ಹೇಳಿದ್ದು ಮೂರ್ಖತನವಲ್ಲ ಎಂದು ಅವರಿಗೆ ಗೊತ್ತಿತ್ತು. ಸಂಖ್ಯೆ ಒಬ್ಬರನ್ನು ತೋರಿಸುವುದಿಲ್ಲ ಎಂದು ಸಾಬೀತಾದ ಮಾತ್ರಕ್ಕೆ ಆ ಒಬ್ಬರು ಬಿಡುಗಡೆಯಾಗುವುದಿಲ್ಲ. ಸುಳ್ಳು ಸಾಕ್ಷಿಯೊಂದು ಬಿದ್ದುಹೋಗಿದೆ, ಅಷ್ಟೇ. ಇನ್ನು ಬೇಕಿದ್ದದ್ದು ಒಂದು ಪ್ರಯೋಗ. ಎಲ್ಲವನ್ನೂ ಅಲುಗದಂತೆ ಹಿಡಿದು, ಒಂದನ್ನು ಮಾತ್ರ ಬದಲಾಯಿಸಿ, ಏನಾಗುತ್ತದೆಂದು ನೋಡುವುದು.

"ಮೇಷ್ಟ್ರ ಮೊದಲನೇ ವಿನ್ಯಾಸ, ಸಂದು ಇರೋದು, ನಿನ್ನ ಹತ್ರ ಇದೆಯಾ?"

"ಇದೆ" ಎಂದು ಅಳಿಯ ಜೇಬಿನಿಂದ ಬೆರಳುದ್ದದ ಪೆನ್‌ಡ್ರೈವ್ ತೆಗೆದ.

"ಕೋಶಕ್ಕೆ ಹಾಕು. ಹಾಕಿ ದೂರ ನಿಲ್ಲು. ಎಲ್ಲರೂ ಆ ಗೋಡೆಗೆ ಒರಗಿ ನಿಲ್ಲಿ, ಕೈ ಕಾಣೋ ಹಾಗೆ. ಯಜಮಾನ್ರೇ, ನೀವೂ."

"ನಾನೂನಾ?"

"ಪಟ್ಟಿಯಲ್ಲಿ ಮೊದಲನೇ ಹೆಸರು ನಿಮ್ಮದೇ ಅಲ್ವಾ."

ಐದು ಜನ ಸಾಲಾಗಿ ನಿಂತರು. ಯಜಮಾನರು, ಪಾಲಿಶ್ ಅಕ್ಕ, ಅಚ್ಚಣ್ಣ, ಅಳಿಯ, ಕೊನೆಗೆ ಒಂದು ಕೈಯಲ್ಲಿ ಕೀ, ಇನ್ನೊಂದರಲ್ಲಿ ಕರವಸ್ತ್ರ ಹಿಡಿದ ಮೇಷ್ಟ್ರು. ಗುಂಪು ಫೋಟೊಗೆ ನಿಂತ ಹಾಗಿತ್ತು, ಯಾರೂ ನಗುತ್ತಿರಲಿಲ್ಲ ಅನ್ನುವುದೊಂದು ಬಿಟ್ಟರೆ. ಟೀಚರ್ ತಾವೂ ಕೀಲಿಮಣೆಯಿಂದ ಕೈ ತೆಗೆದು, ಕುರ್ಚಿಯನ್ನು ಹಿಂದಕ್ಕೆ ತಳ್ಳಿದರು. ಪರದೆಯ ಮೇಲೆ ಐದೈದು ಸೆಕೆಂಡಿಗೊಮ್ಮೆ ಅದೇ ಪಟ್ಟಿ ತಾನಾಗಿ ಮೂಡುವಂತೆ ಮಾಡಿಟ್ಟಿದ್ದರು.

ಒಡೆಯರ ಸಂಖ್ಯೆ 1003, ಅಂದರೆ ಅಳಿಯ. ಹೊತ್ತು ಮೂರೂ ಮೂವತ್ತೆಂಟು.

"ಎಷ್ಟು ಹೊತ್ತು ಹೀಗೆ?" ಎಂದ ಅಚ್ಚಣ್ಣ. "ನನ್ನ ಕೈ ಗಟ್ಟಿಯಾಗ್ತಾ ಇದೆ."

"ಒಳ್ಳೇದು. ನಿನ್ನ ಮೇಲೆ ಯಾರೂ ಅನುಮಾನ ಪಡಲ್ಲ" ಎಂದರು ಅಕ್ಕ, ಮೆಲ್ಲಗೆ.

ಮೂವತ್ತೊಂಬತ್ತು. ನಲವತ್ತು. ಯಜಮಾನರು ಬಾಗಿಲ ಕಡೆ ನೋಡಿದರು, ಡಾಕ್ಟರು ಬೇಗ ಬಂದರೆ ಈ ದೃಶ್ಯವನ್ನು ಹೇಗೆ ವಿವರಿಸುವುದೆಂದು ಯೋಚಿಸುತ್ತಿದ್ದಿರಬೇಕು.

ಮೂರೂ ನಲವತ್ತೊಂದಕ್ಕೆ ಪಟ್ಟಿ ಒಮ್ಮೆ ಮಿನುಗಿತು.

ಗಾತ್ರ ಬದಲಾಗಿತ್ತು. ಹೊತ್ತು ಬದಲಾಗಿತ್ತು. 1003 ಇದ್ದ ಜಾಗದಲ್ಲಿ 1001 ಕೂತಿತ್ತು.

ಐದು ಜೊತೆ ಕೈಗಳೂ ಎಲ್ಲರಿಗೂ ಕಾಣುವಂತೆಯೇ ಇದ್ದವು. ಮೇಲಿನ ಕೋಣೆಯ ಕೀ ಮೇಷ್ಟ್ರ ಮುಷ್ಟಿಯಲ್ಲಿ.

"ಯಾ... ಯಾರೂ ಮುಟ್ಟಿಲ್ಲವಲ್ಲ ಟೀಚರ್!" ಎಂದರು ಯಜಮಾನರು. ಆ ಮಾತಿನ ಅರ್ಥ ಅವರಿಗೇ ಆಮೇಲೆ ಹೊಳೆದಂತೆ ಕಂಡಿತು. ನಿಧಾನವಾಗಿ ಪಾಲಿಶ್ ಅಕ್ಕನ ಕಡೆ ತಿರುಗಿದರು. ತಪ್ಪಾಯಿತು ಎಂದು ಹೇಳುವ ಅಭ್ಯಾಸ ಅವರ ಬಾಯಿಗಿರಲಿಲ್ಲ; ಎರಡು ಸಲ ಗಂಟಲು ಸರಿಮಾಡಿಕೊಂಡರು. ಅಕ್ಕ ಅಷ್ಟನ್ನೇ ಸ್ವೀಕರಿಸಿದರು.

"ಮೇಜಿನ ಮೇಲಿನ ಆ ಕಾಗದ ಹರೀಲಾ ಯಜಮಾನ್ರೇ, ಇಲ್ಲಾ ಹಿಂಬದಿ ಖಾಲಿ ಇದೆ, ಚೀಟಿ ಬರೆಯೋಕೆ ಇಟ್ಕೊಳ್ಲಾ?"

"ತಡೀರಿ" ಎಂದರು ಟೀಚರ್. ಅವರ ಬೆರಳುಗಳು ಆಗಲೇ ಓಡುತ್ತಿದ್ದವು. ಕೆಳಗಿನಿಂದಲೇ ಮೇಲಿನ ಕಂಪ್ಯೂಟರಿಗೆ ಒಳಹೊಕ್ಕಿದ್ದರು. "ಅಳಿಯ, ಈ ಕೋಶವನ್ನ ಯಾರ್ಯಾರು ಬಳಸಬಹುದು ಅಂತ ಬರೆದಿಟ್ಟಿದ್ದೀಯಾ?"

"ಕೆಳಗಿನದಕ್ಕೆ ಮಾತ್ರ ಅಂತ ಬರೆದಿದ್ದೆ. ಆದ್ರೆ ಜಾಲದಲ್ಲಿ ಅದರ ವಿಳಾಸ ದಿನಾ ಬದಲಾಗ್ತಾ ಇತ್ತು. ದಿನಾ 'ಅನುಮತಿ ಇಲ್ಲ' ಅಂತ ಬೈಸಿಕೊಂಡು ಸಾಕಾಗಿ..." ಅವನ ಧ್ವನಿ ಸಣ್ಣದಾಯಿತು. "ಈ ಜಾಲದಲ್ಲಿರೋ ಯಾರಿಗಾದ್ರೂ, ಅಂತ ಬರೆದ್ಬಿಟ್ಟೆ. ಇರೋದು ಎರಡೇ ಅಲ್ವಾ ಅಂತ."

"ಬಂದವರು ಯಾವ ಸಂಖ್ಯೆ ಹೇಳಿದ್ರೂ ಅದು ನಂಬುತ್ತೆ. ಸಾವಿರದೊಂದು ಅಂದ್ರೆ ಸಾವಿರದೊಂದು. ಬಾಗಿಲು ತೆರೆದಿಟ್ಟು, ಒಳಗೆ ಬಂದವರ ಹೆಸರನ್ನ ಅವರ ಬಾಯಿಂದಲೇ ಕೇಳಿ ಬರ್ಕೊಂಡ ಹಾಗೆ."

ಕೋಶಕ್ಕೆ ಈ ಗಳಿಗೆಯಲ್ಲಿ ಜೋಡಿಸಿಕೊಂಡಿರುವವರ ಪಟ್ಟಿ ಕೇಳಿದರು. ಒಂದು ವಿಳಾಸ ಬರಬೇಕಿತ್ತು, ಕೆಳಗಿನದು.

ಎರಡು ಬಂದವು.

ಟೀಚರ್ ಆ ಎರಡನೆಯ ವಿಳಾಸಕ್ಕೆ 'ಇದ್ದೀಯಾ?' ಎಂದು ಕೂಗು ಕಳಿಸಿದರು. 'ಇದ್ದೀನಿ' ಎಂಬ ಉತ್ತರ ಸೆಕೆಂಡಿನ ಮೂರು ಸಾವಿರದಲ್ಲೊಂದು ಭಾಗದಲ್ಲಿ ಬಂದುಬಿಟ್ಟಿತು. ಅಷ್ಟು ಬೇಗ ಗಾಳಿಯಲ್ಲಿ ಬರುವುದಿಲ್ಲ, ಹೊರಗಿನ ಊರಿಂದಲಂತೂ ಬರುವುದೇ ಇಲ್ಲ. ಅದು ತಂತಿಯಲ್ಲಿ, ಇದೇ ಕಟ್ಟಡದಲ್ಲಿ, ಅವರಿಂದ ಕೆಲವೇ ಹೆಜ್ಜೆಗಳಲ್ಲಿ ಇತ್ತು.

"ಇಲ್ಲಿ ಮೂರನೇ ಕಂಪ್ಯೂಟರ್ ಎಲ್ಲಿದೆ?"

"ಇಲ್ಲವೇ ಇಲ್ಲ" ಎಂದರು ಯಜಮಾನರು. "ನನ್ನ ಲ್ಯಾಬು, ನನಗೆ ಗೊತ್ತಿಲ್ವಾ?"

ತಂತಿಗಳೆಲ್ಲ ಬಂದು ಸೇರುವ ಪುಟ್ಟ ಪೆಟ್ಟಿಗೆ ಪ್ಲಾಸ್ಟರ್ ಚೀಲಗಳ ಮೇಲಿನ ಹಲಗೆಯ ಮೇಲಿತ್ತು. ಟೀಚರ್ ಅದರ ಮುಂದೆ ಟಾರ್ಚ್ ಹಿಡಿದರು. ನೀಲಿ ತಂತಿ ಮಹಡಿಗೆ. ಹಸಿರು ತಂತಿ ಇಲ್ಲಿನ ಕಂಪ್ಯೂಟರಿಗೆ. ಹಳದಿ ಹೊರಗೆ, ಬೀದಿಯ ಕಡೆ. ನಾಲ್ಕನೆಯದು ಬೂದು ಬಣ್ಣದ್ದು. ಗೋಡೆಯ ಬಣ್ಣವೂ ಬೂದೇ ಆದ್ದರಿಂದ ಮೂರು ದಿನದಲ್ಲಿ ಅವರ ಕಣ್ಣಿಗೆ ಬಿದ್ದಿರಲಿಲ್ಲ. ತಮ್ಮ ಮೇಲೆ ತಮಗೇ ಸ್ವಲ್ಪ ಸಿಟ್ಟು ಬಂತು. ಎಡಗಡೆಯ ಪಟ್ಟಿಯಲ್ಲಿ 'ತಂತಿ ಸರಿ ಇದೆ' ಎಂದು ಬರೆದವರು, ತಂತಿ ಎಷ್ಟಿವೆ ಎಂದು ಎಣಿಸಿರಲಿಲ್ಲ.

ಬೂದು ತಂತಿ ಚೀಲಗಳ ಹಿಂದೆ ಇಳಿದು, ಗೋಡೆಯ ಬುಡದಲ್ಲಿ ಹೆಬ್ಬೆರಳು ಗಾತ್ರದ ತೂತಿನೊಳಗೆ ಹೋಗಿತ್ತು. ತೂತಿನ ಸುತ್ತ ಪ್ಲಾಸ್ಟರ್ ಮೆತ್ತಿ, ನುಣ್ಣಗೆ, ಹೊಳಪು ಬರುವಂತೆ ಉಜ್ಜಿದ್ದರು ಯಾರೋ.

"ಈ ಗೋಡೆಯ ಆ ಕಡೆ ಏನಿದೆ?"

"ಹಳೇ ಅಚ್ಚುಗಳ ಕೋಣೆ. ಇಪ್ಪತ್ತು ವರ್ಷದ ಬಾಯಿಗಳೆಲ್ಲ ಅಲ್ಲೇ ಇವೆ" ಎಂದರು ಯಜಮಾನರು. "ಬಾಗಿಲು ಅದೋ, ಆ ಬೀರುವಿನ ಪಕ್ಕ. ಮೂರು ವರ್ಷದಿಂದ ಯಾರೂ ತೆಗೆದಿಲ್ಲ. ಬೀಗದ ಕೀ ಎಲ್ಲಿದೆಯೋ ನನಗೇ ನೆನಪಿಲ್ಲ."

ಸಿಳ್ಳೆ ಮೇಷ್ಟ್ರು ಕುತೂಹಲ ತಡೆಯಲಾರದೆ ಮುಂದೆ ಬಂದು, ಕರವಸ್ತ್ರ ತೆಗೆದು, ಗಾಳಿಯೂ ಮಾತೂ ಬೆರೆತ ಧ್ವನಿಯಲ್ಲಿ ಕೇಳಿದರು: "ಎಳೀಬಹುದಾ ಟೀಚರ್?"

"ಎಳೆಯೋದಲ್ಲ ಮೇಷ್ಟ್ರೇ, ಬಿಚ್ಚೋದು. ಒಂದು ಸಲಕ್ಕೆ ಒಂದೇ ತಂತಿ."

ಟೀಚರ್ ಬೂದು ತಂತಿಯ ತುದಿಯ ಪುಟ್ಟ ನಾಲಿಗೆಯನ್ನು ಒತ್ತಿ ಹೊರತೆಗೆದರು. ಪೆಟ್ಟಿಗೆಯ ನಾಲ್ಕನೆಯ ಹಸಿರು ದೀಪ ಆರಿತು.

ಎರಡು ಸೆಕೆಂಡು ಏನೂ ಆಗಲಿಲ್ಲ.

ಆಮೇಲೆ ಗೋಡೆಯ ಆ ಕಡೆಯಿಂದ, ಮೂರು ವರ್ಷದಿಂದ ಯಾರೂ ತೆಗೆಯದ ಕೋಣೆಯಿಂದ, ಒಂದು ಧ್ವನಿ ಕೇಳಿತು. ದಪ್ಪ ಗೋಡೆ ದಾಟಿ ಬಂದದ್ದರಿಂದ ಗಂಡೋ ಹೆಣ್ಣೋ ತಿಳಿಯುವಂತಿರಲಿಲ್ಲ. ಬೇಸರ ಮಾತ್ರ ಚೆನ್ನಾಗಿ ತಿಳಿಯುತ್ತಿತ್ತು.

"ಅಯ್ಯಯ್ಯೋ, ಇನ್ನೊಂದು ಚೂರು ತಿದ್ದೋದಿತ್ತು, ಉಳಿಸೋಕೆ ಮುಂಚೇನೇ ಹೋಯ್ತಲ್ಲ!"

ಅಚ್ಚಣ್ಣ ಗಟ್ಟಿಯಾದ ಕೈಗಳನ್ನು ಎದೆಗೆ ಒತ್ತಿಕೊಂಡ. ಅಳಿಯ ಮಾವನ ಹಿಂದೆ ಸರಿದ. ಮಾವ ಅಳಿಯನ ಹಿಂದೆ ಸರಿಯಲು ನೋಡಿ, ಜಾಗ ಸಾಲದೆ ನಿಂತರು. ಟೀಚರ್ ಮಾತ್ರ ಬಾಗಿಲ ಕಡೆ ಎರಡು ಹೆಜ್ಜೆ ಇಟ್ಟಿದ್ದರು.

ಮೂರನೆಯ ಹೆಜ್ಜೆಗೆ ದಾರಿ ಇರಲಿಲ್ಲ. ಪಾಲಿಶ್ ಅಕ್ಕ ಬಂದು ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದರು. ಇಡೀ ಮಧ್ಯಾಹ್ನ ನಗಿಸಿದ ಆ ಮುಖದಲ್ಲಿ ರಕ್ತವೇ ಇರಲಿಲ್ಲ.

"ಪಕ್ಕಕ್ಕೆ ಸರಿಯಿರಮ್ಮ" ಎಂದರು ಟೀಚರ್. "ನೀವಲ್ಲ ಅಂತ ಈಗತಾನೇ ಗೊತ್ತಾಯ್ತಲ್ಲ. ನಿಮಗೇನೂ ಆಗಲ್ಲ."

"ಗೊತ್ತು ಟೀಚರ್. ನಿಮ್ಮ ಉಪಕಾರ ಮರೆಯಲ್ಲ." ಅಕ್ಕ ಟೀಚರನ್ನು ದಾಟಿ ಯಜಮಾನರನ್ನು ನೋಡಿದರು. "ಯಜಮಾನ್ರೇ, ಆ ಕಾಗದಕ್ಕೆ ಸಹಿ ಹಾಕಿ. ನಾನೇ ಮಾಡಿದ್ದು ಅಂತ ಡಾಕ್ಟರಿಗೆ ಹೇಳಿ. ನಾನೂ ಬರೆದು ಕೊಡ್ತೀನಿ. ಈ ಬಾಗಿಲು ಮಾತ್ರ ಯಾರೂ ತೆಗೀಬೇಡಿ."

ಯಾರೂ ತೆಗೆಯಲಿಲ್ಲ. ಅಕ್ಕನ ಬೆನ್ನ ಹಿಂದೆ, ಒಳಗಿನಿಂದ, ಬೀಗ ತಿರುಗಿದ ಸದ್ದಾಯಿತು.